ಅಪ್ಪನ ಕಿವಿಗೆ ಕಟ್ಟಿದ ಗೋಣಿ ಪರದೆ

ನಮ್ಮ ಮನೆಯಲ್ಲಿ ಈ ಕಥೆಯನ್ನು ಹೇಳುವ ರೀತಿಯೇ ತಪ್ಪು. ಮದುವೆಗಳಿಗೆ ಹಾಡು ಹಾಕುವ ಮೈಕ್ ಸೆಟ್ಟಿನವರ ಹೊಟ್ಟೆಪಾಡು ನೋಡಿ ಅಪ್ಪ ಕರಗಿದ, ಬೇಕೆಂದೇ ಸೋತ ಎಂದು ಅವ್ವ ಹೇಳುತ್ತಾಳೆ. ಕೇಳಿದವರು ತಲೆದೂಗುತ್ತಾರೆ. ನಾನು ಒಪ್ಪುವುದಿಲ್ಲ. ಆ ದಿನ ಪರದೆಯ ಹಿಂದೆ ನಿಂತು ಸ್ವಿಚ್ಚು ತಿರುಗಿಸಿದವಳು ನಾನು. ಬೇಕೆಂದೇ ಸೋಲುವ ಮನುಷ್ಯ ಇನ್ನೂ ನಾಲ್ಕು ಸುತ್ತು ಆಡಿಸು ಎಂದು ಹಟ ಹಿಡಿಯುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ತಿಪಟೂರಿನಲ್ಲಿ ಕಾಲೇಜು ಓದುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಪರವಾಗಿ ನಿಲ್ಲಿಸಿದರೂ ವಿರೋಧವಾಗಿ ನಿಲ್ಲಿಸಿದರೂ ಗೆದ್ದು ಸ್ಟೀಲ್ ಲೋಟ ತರುತ್ತಿದ್ದೆ. ಅವ್ವನ ಅಡುಗೆಮನೆಯ ಒಂದು ಸಾಲು ನನ್ನ ವಾದದಿಂದಲೇ ತುಂಬಿತ್ತು. ಅಪ್ಪ ಕೊಬ್ಬರಿ ವ್ಯಾಪಾರಿ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ನೋಡಲು ಕಾಯಿ ಒಡೆಯುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಅಪ್ಪ ಒಮ್ಮೆ ಅಲ್ಲಾಡಿಸಿ "ಇದಕ್ಕಿನ್ನೂ ಒಂದ್ ತಿಂಗ್ಳು ಬೇಕು" ಎಂದರೆ ಆ ಕಾಯಿ ಮತ್ತೆ ಅಟ್ಟ ಹತ್ತುತ್ತಿತ್ತು. ಇಂಥ ಕಿವಿಯಾದ್ದರಿಂದ ಅವನ ಮಾತು ಕೊಬ್ಬರಿಯನ್ನು ದಾಟಿ ಸಂಗೀತದವರೆಗೂ ನಡೆಯುತ್ತಿತ್ತು. ಮಗಳ ಮದುವೆಗೆ ಯಾವ ಮೈಕ್ ಸೆಟ್ ತರಿಸಬೇಕು ಎಂದು ವ್ಯಾಪಾರಿಗಳು ಅವನನ್ನು ಕೇಳಿಯೇ ಗೊತ್ತುಮಾಡುತ್ತಿದ್ದರು.

ಮನೆಯಲ್ಲಿ ಅಪ್ಪನಿಗೆ ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್ ಸೆಟ್ಟು, ಒಂದು ರೆಕಾರ್ಡ್ ಪ್ಲೇಯರು, ಹತ್ತು ಹನ್ನೆರಡು ನಾಗಸ್ವರದ ಗ್ರಾಮಫೋನ್ ಪ್ಲೇಟುಗಳು ಇದ್ದವು. ಸೆಟ್ಟಿನ ವಾಲ್ವುಗಳು ಕೆಂಪಗೆ ಕಾಯುವವರೆಗೆ ಯಾರೂ ಮಾತಾಡಬಾರದು. ನಮ್ಮ ಬೀದಿಯ ಮೈಕ್ ಸೆಟ್ಟಿನವರೂ ವರ್ಷಗಟ್ಟಲೆ ಅಂಥದ್ದನ್ನೇ ಇಟ್ಟುಕೊಂಡಿದ್ದರು. ಆ ವರ್ಷ ಅದನ್ನು ಪ್ಲೇಟುಗಳ ಸಮೇತ ಮಾರಿ, ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನೂ ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರನ್ನೂ ತಂದರು. ಅಪ್ಪ ಅಂಗಡಿಗೆ ಹೋಗಿ ಒಂದು ಹಾಡು ಕೇಳಿ, "ಡಬ್ಬದೊಳಗೆ ಕೂತು ಊದ್ದಂಗೈತೆ. ಜೀವ ಇಲ್ಲ ಕಣಪ್ಪ" ಎಂದು ಎದ್ದುಬಂದ. ಅಷ್ಟೇ. ವಾರದೊಳಗೆ ಮೂರು ಮದುವೆಯವರು ಹಂದನಕೆರೆಯ ವಾಲ್ವ್ ಸೆಟ್ಟಿನವರನ್ನು ಗೊತ್ತುಮಾಡಿಕೊಂಡರು.

ಮೈಕ್ ಸೆಟ್ಟಿನವರು ನಮ್ಮ ಜಗಲಿಗೆ ಬಂದು ಕೂತರು.

"ಯಜಮಾನ್ರೇ, ಈ ಸಲ ಲಗ್ನದ ಕಾಲಕ್ಕೆ ಕೈಯಲ್ಲಿ ಒಂದು ಮದ್ವೆ ಇಲ್ಲ ನಂಗೆ. ಹೊಸಾ ಸೆಟ್ಟು ಮೂಲೇಲಿ ಕೂತೈತೆ. ನೀವೊಂದು ಮಾತು ಅಂದ್ಬುಟ್ರಿ, ನಾನು ಮುಳುಗಿ ಹೋದೆ."

"ನಾನೇನ್ ಮಾಡ್ಲಪ್ಪ? ಕಿವಿಗೆ ಕೇಳ್ಸಿದ್ದು ಹೇಳ್ದೆ."

ಕ್ಯಾಸೆಟ್ಟೇ ಶುದ್ಧ ಎಂದು ಮನೆಯಲ್ಲಿ ವಾದಿಸುತ್ತಿದ್ದ ನನಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. "ಅದು ಕಿವಿಗೆ ಕೇಳ್ಸಿದ್ದಾ ಅಪ್ಪಾ, ಕಣ್ಣಿಗೆ ಕಂಡಿದ್ದಾ?"

"ಶುರುಮಾಡಿದ್ಲು ನೋಡು. ಇದು ನಿಮ್ ಕಾಲೇಜಲ್ಲ ಕಣೇ."

"ಕಾಯಿ ಅಲ್ಲಾಡ್ಸುವಾಗ ಯಾರ ತೋಟದ್ದು ಅಂತ ಕೇಳ್ತೀಯಾ?"

"ಕೇಳಿದ್ರೆ ಕೆಟ್ಟೆ. ಬೇಕಾದವ್ರ ಕಾಯಿ ಅಂದ್ರೆ ಹಸೀದೂ ಒಣಗಿದಂಗೇ ಕೇಳ್ಸುತ್ತೆ. ಅದಕ್ಕೇ ನಾನು ರಾಶಿಗೆ ಬೆನ್ನು ಮಾಡಿ ಕೂತ್ಕಳದು. ಹಿಂದಿಂದ ಒಂದೊಂದೇ ಕೈಗೆ ಕೊಡ್ಬೇಕು."

"ಹಂಗಾದ್ರೆ ಕ್ಯಾಸೆಟ್ಟಿಗೂ ಬೆನ್ನು ಮಾಡಿ ಕೂತ್ಕೋ."

ಮೈಕ್ ಸೆಟ್ಟಿನವರು ಗೋಳು ಮರೆತು ನಕ್ಕರು. "ಸಿಕ್ಕಾಕೊಂಡ್ರಿ ಯಜಮಾನ್ರೇ!"

ಭಾನುವಾರ ಕೊಬ್ಬರಿ ಗೋದಾಮಿನಲ್ಲಿ ಗೋಣಿಚೀಲಗಳನ್ನು ದಬ್ಬಳದಿಂದ ಹೊಲಿದು ಪರದೆ ಕಟ್ಟಿದೆ. ಅದರ ಹಿಂದೆ ಅಪ್ಪನ ವಾಲ್ವ್ ಸೆಟ್ಟು, ಮೈಕ್ ಸೆಟ್ಟಿನವರ ಹೊಸ ಸೆಟ್ಟು, ಎರಡಕ್ಕೂ ಒಂದೇ ಸ್ಪೀಕರ್ ಪೆಟ್ಟಿಗೆ. ಅಪ್ಪನ ನಾಗಸ್ವರದ ಪ್ಲೇಟನ್ನೇ ಮೈಕ್ ಸೆಟ್ಟಿನವರು ಹಿಂದಿನ ದಿನ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ಇದನ್ನು ಮೋಸ ಎನ್ನುವವರು ಈಗಲೂ ಇದ್ದಾರೆ. ಅಪ್ಪನಿಗೆ ಮೊದಲೇ ಹೇಳಿಯೇ ಇಳಿಸಿದ್ದು. ಕ್ಯಾಸೆಟ್ಟು ಹಾಡಿನ ಜೀವ ತೆಗೆಯುತ್ತದೆ ಎಂಬುದು ಅವನ ವಾದ ತಾನೇ? ಜೀವ ಹೋದ ಹಾಡು ಯಾವುದು ಎಂದು ಗುರುತಿಸಲಿ. ಎರಡನ್ನೂ ಒಟ್ಟಿಗೆ ಓಡಲು ಬಿಟ್ಟು, ಪ್ರತಿ ಸುತ್ತಿಗೂ ನಾಣ್ಯ ಚಿಮ್ಮಿ, ಬಿದ್ದ ಮುಖ ನೋಡಿ ನಾನೇ ಸ್ವಿಚ್ಚು ತಿರುಗಿಸುವುದು. ಮೈಕ್ ಸೆಟ್ಟಿನವರು ಈ ಕಡೆ ಸುಳಿಯದಂತೆ ಅಪ್ಪನ ಪಕ್ಕದಲ್ಲೇ ಕೂರಿಸಿದೆ.

ಎಂಟು ಸುತ್ತು ಎಂದು ಮಾತಾಗಿತ್ತು. ಮೂರನೆಯದರಲ್ಲಿ ಅಪ್ಪ ತೊಡೆ ತಟ್ಟಿದ ಸದ್ದು ಪರದೆಯ ಈಚೆಗೂ ಕೇಳಿತು. "ಇದು ನನ್ನ ಪ್ಲೇಟು! ಚರಚರ ಅಂತೈತೆ ನೋಡು, ಅದೇ ಕಣಪ್ಪ ಜೀವ ಅಂದ್ರೆ. ಅಲ್ದಿದ್ರೆ ನಾಳೆಯಿಂದ ನಾನು ಕಾಯಿ ಮುಟ್ಟಲ್ಲ!"

ನನ್ನ ಕಣ್ಣೆದುರು ಹಾಡುತ್ತಿದ್ದದ್ದು ಕ್ಯಾಸೆಟ್ಟು. ತುಟಿ ಕಚ್ಚಿಕೊಂಡು ಪುಸ್ತಕದಲ್ಲಿ ಗುರುತು ಹಾಕಿದೆ.

ಎಂಟರಲ್ಲಿ ನಾಲ್ಕು ಸರಿ. ಕಣ್ಣುಮುಚ್ಚಿ ಹೇಳುವವನಿಗೂ ಅಷ್ಟು ಸಿಗುತ್ತದೆ. ಅಪ್ಪನ ಮುಖ ಕೆಂಪಾಯಿತು. ಅಂಗಿಯ ಗುಂಡಿ ಬಿಚ್ಚಿ, ಇನ್ನೂ ನಾಲ್ಕು ಎಂದ. ಅದರಲ್ಲಿ ಸಿಕ್ಕಿದ್ದು ಒಂದು. ಎದ್ದು ಬಂದವನೇ ಪರದೆಯನ್ನು ಕಿತ್ತು ಒಗೆದ. ಕರಗಿದ ಮನುಷ್ಯ ಹೀಗೆ ಕೀಳುತ್ತಾನೆಯೇ, ಅವ್ವನೇ ಹೇಳಲಿ.

ಮೈಕ್ ಸೆಟ್ಟಿನವರು ಪ್ಲೇಟನ್ನು ಎತ್ತಿ ಬೆಳಕಿಗೆ ಹಿಡಿದು ಬೆರಳಲ್ಲಿ ಒರೆಸಿದರು. ಬೆರಳು ಕಪ್ಪಾಯಿತು.

"ಇಳಿಸ್ಕೊಳ್ವಾಗ್ಲೇ ಅನ್ಕೊಂಡೆ. ಇದಕ್ಕೇನು ಹಚ್ಚೀರಿ ಯಜಮಾನ್ರೇ?"

"ಕೊಬ್ರಿ ಎಣ್ಣೆ. ವಾರಕ್ಕೊಂದ್ಸಲ. ಹೊಳಪಿರ್ಲಿ ಅಂತ."

"ಅಯ್ಯೋ ಶಿವನೇ! ಪ್ಲೇಟೇನು ಮಗಿನ ತಲೆಯಾ ಎಣ್ಣೆ ಹಚ್ಚಕ್ಕೆ? ಧೂಳೆಲ್ಲಾ ಗೆರೆಯೊಳಗೆ ಅಂಟ್ಕೊಂಡು ಕೂತೈತೆ. ನಿಮ್ ಚರಚರ ಅದೇ. ನನ್ ಕ್ಯಾಸೆಟ್ಟು ಅದನ್ನೂ ಬಿಡದಂಗೆ ಹಿಡ್ಕೊಂಡೈತೆ!"

ನಮ್ಮೂರಿನಲ್ಲಿ ಬಾಗಿಲ ಕೀಲಿಗೂ ಸೈಕಲ್ ಚೈನಿಗೂ ಮೊಣಕಾಲಿಗೂ ಅದೇ ಎಣ್ಣೆ, ಪ್ಲೇಟನ್ನು ಬಿಟ್ಟಾರೆಯೇ? ನಾನು ಹೊಟ್ಟೆ ಹಿಡಿದು ನಕ್ಕೆ. ಅಪ್ಪ ನಗಲಿಲ್ಲ. "ಈಗ ನೀನು ಕೂತ್ಕಳವ್ವ. ಕ್ಯಾಸೆಟ್ಟೇ ಶುದ್ಧ, ಮುದುಕರ ಕಿವಿಗೆ ಗೊತ್ತಾಗಲ್ಲ ಅಂತಿದ್ದೆ" ಎಂದ.

ಕಿತ್ತ ಪರದೆಯನ್ನು ಮತ್ತೆ ಕಟ್ಟಿ, ನಾಣ್ಯವನ್ನೂ ಸ್ವಿಚ್ಚನ್ನೂ ಅಪ್ಪನಿಗೆ ಬಿಟ್ಟು ಕೂತೆ. ಹನ್ನೆರಡು ಸುತ್ತಿನಲ್ಲಿ ನನಗೆ ಸಿಕ್ಕಿದ್ದು ಆರು. ಅದನ್ನೂ ಅದೇ ಪುಸ್ತಕದಲ್ಲಿ ಬರೆದೆ. ಬರೆಯದಿದ್ದರೆ ಸ್ಟೀಲ್ ಲೋಟಗಳೆಲ್ಲ ವಾಪಸ್ಸು ಕೊಡಬೇಕಾಗಿತ್ತು. ಹೊಸದು ಎಂಬ ಕಾರಣಕ್ಕೇ ಕ್ಯಾಸೆಟ್ಟು ನನಗೆ ಶುದ್ಧವಾಗಿ ಕೇಳುತ್ತಿತ್ತು, ತನ್ನದು ಎಂಬ ಕಾರಣಕ್ಕೇ ಪ್ಲೇಟು ಅಪ್ಪನಿಗೆ ಜೀವಂತವಾಗಿ ಕೇಳುತ್ತಿತ್ತು. ಆದರೂ ಆ ಸಂಜೆ ನಾನು ಹಿಗ್ಗಿದಷ್ಟು ಯಾವ ಸ್ಪರ್ಧೆ ಗೆದ್ದಾಗಲೂ ಹಿಗ್ಗಿರಲಿಲ್ಲ. ಬಾಯಿಮಾತಿನಲ್ಲಿ ಅಪ್ಪನನ್ನು ಸೋಲಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಒಂದು ಗೋಣಿಚೀಲ ಅದನ್ನು ಮಾಡಿತ್ತು.

ಮರುದಿನ ಕೊಬ್ಬರಿ ಮಂಡಿಯಲ್ಲಿ ಅಪ್ಪ ಎಲ್ಲರೆದುರು ಹೇಳಿದ: "ಹನ್ನೆರಡ್ರಲ್ಲಿ ಐದು ಕಣ್ರಪ್ಪ. ನಂಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ನಿಮ್ಗೇನ್ ಗೊತ್ತಾದೀತು? ಆ ಹೊಸಾ ಸೆಟ್ಟಿಗೆ ಏನೂ ಆಗಿಲ್ಲ." ಬಿಟ್ಟುಹೋಗಿದ್ದ ಮೂರು ಮದುವೆಗಳಲ್ಲಿ ಎರಡು ತಿರುಗಿ ಬಂದವು, ಹೊಸದಾಗಿ ತುರುವೇಕೆರೆಯಿಂದ, ಚಿಕ್ಕನಾಯಕನಹಳ್ಳಿಯಿಂದ ಸೆಟ್ಟು ಗೊತ್ತುಮಾಡಲು ಜನ ಬಂದರು. ಲಗ್ನದ ಕಾಲ ಮುಗಿಯುವವರೆಗೆ ಮೈಕ್ ಸೆಟ್ಟಿನವರು ಮನೆಯಲ್ಲಿ ಮಲಗಿದ ದಿನಗಳು ಕಡಿಮೆ. ಎಲ್ಲ ಕಡೆಯೂ ಅವರು ಹಾಕುತ್ತಿದ್ದದ್ದು ಗೋದಾಮಿನ ಅದೇ ಕ್ಯಾಸೆಟ್ಟನ್ನು, ಚರಚರದ ಸಮೇತ.

ದಂಡಿನಶಿವರದ ಒಂದು ಮದುವೆಯಲ್ಲಿ ನಾನೂ ಅಪ್ಪನೂ ಬೆಂಚಿನ ಮೇಲೆ ಕೂತಿದ್ದೆವು. ತೆಂಗಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ನಾಗಸ್ವರ ಬರುತ್ತಿತ್ತು. ಪಕ್ಕದಲ್ಲಿದ್ದ ವ್ಯಾಪಾರಿಯೊಬ್ಬರು ಬಗ್ಗಿ, "ಹೆಂಗೈತಣ್ಣ?" ಎಂದು ಕೇಳಿದರು.

ಅಪ್ಪ ಕಣ್ಣು ಮುಚ್ಚಿ ಒಂದು ಗಳಿಗೆ ಕೇಳಿದ. "ಬಲು ಚೆನ್ನಾಗೈತೆ ಕಣಪ್ಪ."

ವ್ಯಾಪಾರಿ ಊಟದ ಪಂಕ್ತಿಗೆ ಎದ್ದುಹೋಗುವವರೆಗೆ ತಡೆದುಕೊಂಡು, ಅಪ್ಪನ ಕಡೆ ತಿರುಗಿದೆ.

"ಅಪ್ಪಾ, ಈಗ ಚೆನ್ನಾಗೈತೆ ಅಂದಿದ್ದು ನಿನ್ನ ಕಿವಿನಾ, ಅವತ್ತಿನ ಸೋಲಾ?"