ಎಣ್ಣೆಯಲ್ಲಿ ಗಾಳಿ ಉಳಿಯದ ಹಾಗೆ

ಬೆಳಗಿನ ಆರು ಗಂಟೆಗೆ ಸವೇತಾ ಮುಂಟ್ಯಾನ್ ಅವರು ಕೋರ್ಬು ಎಂಬ ಹಳೆಯ ಗಣಿಯ ಪಂಪ್ ಮನೆಗೆ ಬರುವಾಗ ಅವರ ಕೈಯಲ್ಲಿ ಕಂಬಳಿ ಸುತ್ತಿದ ಎಣ್ಣೆಯ ಕ್ಯಾನು ಇದೆ. ನಿನ್ನೆ ಸಂಜೆಯಿಂದ ಅದನ್ನು ಅಡುಗೆಮನೆಯ ಸೌದೆ ಒಲೆಯ ಪಕ್ಕ ಇಟ್ಟುಕೊಂಡಿದ್ದರು. ಮಾರ್ಚ್ ಬಂದರೂ ದಾರಿಯ ಅಂಚಿನ ಹಿಮ ಕರಗಿಲ್ಲ. ಒಂದೂವರೆ ಕಿಲೋಮೀಟರ್ ನಡೆದು ಬರುವಷ್ಟರಲ್ಲಿ ಎಣ್ಣೆ ತಣ್ಣಗಾಗಬಾರದು. ಬಾಗಿಲಲ್ಲಿ ರಾತ್ರಿ ಪಾಳಿಯ ಕಾವಲುಗಾರ ಸಿಮಿಯೋನ್ ಮನೆಗೆ ಹೊರಟು ನಿಂತಿದ್ದಾನೆ.

"ಏನಕ್ಕಾ, ಕೂಸಿಗೆ ಹಾಲು ಬಿಸಿ ಮಾಡ್ಕೊಂಡು ಬಂದ್ಯಾ?"

"ಹೂಂ, ಈ ಕೂಸು ನಿನ್ ಥರ ರಾತ್ರಿಯೆಲ್ಲಾ ಗೊರಕೆ ಹೊಡೆಯಲ್ಲ ನೋಡು."

ಸಿಮಿಯೋನ್ ನಗುತ್ತ ಸೈಕಲ್ ಏರುತ್ತಾನೆ. ಉಳಿದ ದಿನಗಳಲ್ಲಿ ಸಂಜೆ ಅವನು ಮರಳುವವರೆಗೆ ಸವೇತಾ ಅವರೊಡನೆ ಮಾತಾಡುವವರು ಇಲ್ಲಿ ಯಾರೂ ಇರುವುದಿಲ್ಲ. ಇಂದು ಮಾತ್ರ ಅವರ ಕೆಲಸ ನೋಡಲು ನಾನು ಬಂದಿದ್ದೇನೆ.

ಪಂಪ್ ನಿಲ್ಲಿಸುವ ಮೊದಲು ಒಂದು ಫೋನ್ ಮಾಡಬೇಕು. ಹೊಳೆಯ ಕೆಳಗೆ ಬ್ರಾಡೆಟ್ ಹಳ್ಳಿಯಲ್ಲಿ ಟ್ರಾಯನ್ ಎಂಬಾತ ಟ್ರೌಟ್ ಮೀನು ಸಾಕುತ್ತಾನೆ. ಅವನ ಕೊಳಗಳಿಗೆ ಬರುವುದು ಇದೇ ಹೊಳೆಯ ನೀರು, ಪಂಪು ನಿಂತಿರುವಷ್ಟು ಹೊತ್ತು ಅವನು ಅದರ ತೂಬು ಮುಚ್ಚಿರಬೇಕು.

"ನೀರು ಮುಚ್ಚು."

"ಮುಚ್ಚಿದೆ."

ಅಷ್ಟೇ, ಫೋನ್ ಕಟ್ಟಾಗುತ್ತದೆ. ಕೆಲಸ ಮುಗಿದ ಮೇಲೆ ಇನ್ನೊಂದು ಸಲ ಫೋನ್ ಮಾಡಿ "ಬಿಡು" ಎನ್ನಬೇಕು, ಅವನು "ಆಯ್ತು" ಎನ್ನುತ್ತಾನೆ. ವರ್ಷಕ್ಕೆ ಎರಡು ಸರ್ವಿಸ್, ನಾಲ್ಕು ಫೋನ್. ಹನ್ನೊಂದು ವರ್ಷಗಳಿಂದ ಇವರಿಬ್ಬರ ನಡುವೆ ಬೇರೆ ಮಾತಿಲ್ಲ. ಟ್ರಾಯನ್ ಹೊರಗಿನವನೇನಲ್ಲ. ಅವನ ಮದುವೆಯಲ್ಲಿ ಪೀಠದ ಮುಂದೆ ಮೇಣದಬತ್ತಿ ಹಿಡಿದು ನಿಂತ ಧರ್ಮತಾಯಿ ಸವೇತಾ ಅವರೇ. ಆ ನಂಟಿನ ಸಲುವಾಗಿ ಕ್ರಿಸ್‌ಮಸ್‌ನ ಎರಡನೆಯ ದಿನ ಮದುವೆಯಾದವರು ಜಡೆಯಂತೆ ಹೆಣೆದ ದೊಡ್ಡ ರೊಟ್ಟಿ ತಂದು ಧರ್ಮತಾಯಿಯ ಕೈಗೆ ಮುತ್ತಿಡುವುದು ಪದ್ಧತಿ. ರೊಟ್ಟಿಯೇನೋ ಪ್ರತಿ ವರ್ಷ ಬರುತ್ತದೆ. ಟ್ರಾಯನ್‌ನ ಹೆಂಡತಿ ಚೀಲವನ್ನು ಗೇಟಿಗೆ ನೇತುಹಾಕಿ, ಬಾಗಿಲು ತಟ್ಟದೆ ಹೋಗುತ್ತಾಳೆ. ಸವೇತಾ ಅದನ್ನು ಒಬ್ಬರೇ ನಾಲ್ಕು ದಿನ ತಿನ್ನುತ್ತಾರೆ.

ಗಣಿ ಮುಚ್ಚಿ ಇಪ್ಪತ್ತು ವರ್ಷವಾಯಿತು, ಆದರೆ ಅದರೊಳಗಿನ ನೀರನ್ನು ಮುಚ್ಚಲು ಯಾರಿಂದಲೂ ಆಗಲಿಲ್ಲ. ಸುರಂಗದ ಬಾಯಿಂದ ತುಕ್ಕು ಬಣ್ಣದ ಹುಳಿ ನೀರು ಹಗಲೂ ರಾತ್ರಿ ಇಳಿಯುತ್ತಲೇ ಇದೆ. ಅದಕ್ಕೆ ಸುಣ್ಣದ ನೀರು ಬೆರೆಸಿ, ಹುಳಿ ಮುರಿದು, ಕೆಸರು ತಳ ಸೇರಿದ ಮೇಲೆ ಹೊಳೆಗೆ ಬಿಡಬೇಕು. ಸುಣ್ಣ ತಳ್ಳುವುದು ಈ ಒಂದೇ ಪಂಪು, ನಿಮಿಷಕ್ಕೆ ನಲವತ್ತೆರಡು ಸಲ. ಪಕ್ಕದಲ್ಲಿದ್ದ ಇನ್ನೊಂದರ ಭಾಗಗಳನ್ನು ಬಿಚ್ಚಿ ಬಿಚ್ಚಿ ಇದಕ್ಕೆ ಹಾಕಿ ಮುಗಿದಿದೆ. ಪಂಪು ನಿಂತರೆ ಕಟ್ಟೆಯ ತೊಟ್ಟಿ ಹುಳಿ ನೀರನ್ನು ತಡೆದಿಟ್ಟುಕೊಳ್ಳುವುದು ನಾಲ್ಕು ಗಂಟೆ ಮಾತ್ರ. ಮೀನು ಹೊಸ ನೀರಿಲ್ಲದೆ ತಾಳಿಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

"ಇದಕ್ಕೆ ಎರಡು ಮನೆ," ಎಂದು ಸವೇತಾ ಪಂಪಿನ ಹೊಟ್ಟೆ ತಟ್ಟಿ ತೋರಿಸುತ್ತಾರೆ. "ಈ ಕಡೆ ಸುಣ್ಣ, ಆ ಕಡೆ ಎಣ್ಣೆ. ಮಧ್ಯ ರಬ್ಬರ್ ಹಾಳೆ ಅಡ್ಡ. ಪಿಸ್ಟನ್ ಎಣ್ಣೇನ ತಳ್ಳುತ್ತೆ, ಎಣ್ಣೆ ಹಾಳೇನ ತಳ್ಳುತ್ತೆ, ಹಾಳೆ ಸುಣ್ಣಾನ ತಳ್ಳುತ್ತೆ. ಸುಣ್ಣದ ಕಡೆ ಯಾರ್ ಬೇಕಾದ್ರೂ ತೊಳೀಬಹುದು. ಎಣ್ಣೆ ಕಡೆ ಮಾತ್ರ ನಿಧಾನಸ್ಥರೇ ಮಾಡ್ಬೇಕು."

ಆರೂವರೆಗೆ ಪಂಪು ನಿಲ್ಲಿಸಿ, ಕೆಳಗಿನ ಬಿರಡೆ ಬಿಚ್ಚಿ ಹಳೆಯ ಎಣ್ಣೆಯನ್ನು ಬಿಳಿ ಬೋಗುಣಿಗೆ ಇಳಿಸಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹಾಲು ಬೆರೆತಂತೆ ಕಂಡರೆ ಹಾಳೆ ಹರಿದಿದೆ ಎಂದೇ ಅರ್ಥ. ಇಂದು ಹಾಗಿಲ್ಲ, ಜೇನಿನ ಬಣ್ಣ. ಒತ್ತಡ ಮೀರಿದಾಗ ತೆರೆದುಕೊಳ್ಳುವ ವಾಲ್ವ್, ಕಡಿಮೆಯಾದ ಎಣ್ಣೆಯನ್ನು ಮತ್ತೆ ಒಳಗೆಳೆದುಕೊಳ್ಳುವ ವಾಲ್ವ್, ಎರಡನ್ನೂ ಕಳಚಿ ಸೀಮೆಎಣ್ಣೆಯಲ್ಲಿ ತೊಳೆದು, ಅವು ಕೂರುವ ಅಂಚಿನ ಮೇಲೆ ಉಗುರು ಆಡಿಸಿ ನೋಡುತ್ತಾರೆ. ಗೀರು ಇಲ್ಲ. ಪಿಸ್ಟನ್ನಿನ ಸುತ್ತಲಿನ ಪ್ಯಾಕಿಂಗ್ ಸವೆದಿದೆ. ಹಳೆಯದನ್ನು ಕೊಕ್ಕೆಯಿಂದ ಕಿತ್ತು ಹೊಸ ಉಂಗುರಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಅಲ್ಲಿಗೆ ಗಂಟೆ ಎಂಟೂವರೆ.

ಅರವತ್ತೊಂದರ ಸವೇತಾ ಮೆಕ್ಯಾನಿಕ್ ಓದಿದವರಲ್ಲ. ಗಣಿ ನಡೆಯುತ್ತಿದ್ದಾಗ ಅವರು ದೀಪದ ಕೋಣೆಯಲ್ಲಿದ್ದರು. ಸಾವಿರದ ನೂರು ಜನಕ್ಕೆ ತಲೆದೀಪ ಕೊಡುವುದು, ಪಾಳಿ ಮುಗಿದ ಮೇಲೆ ತೆಗೆದುಕೊಳ್ಳುವುದು ಅವರ ಕೆಲಸ. ಹೆಸರು ಮರೆತರೂ ದೀಪದ ನಂಬರು ಮರೆಯುತ್ತಿರಲಿಲ್ಲ. "ಇನ್ನೂರ ಹದಿನೇಳು ನಮ್ಮನೆಯವರದು," ಎನ್ನುತ್ತಾರೆ. ಗಂಡ ಅವ್ರಾಮ್ ಗಣಿ ಮುಚ್ಚುವ ಮೊದಲೇ ಎದೆಯ ಕಾಯಿಲೆಯಿಂದ ತೀರಿಕೊಂಡರು. ಉಳಿದವರು ಸ್ಪೇನಿಗೋ ಇಟಲಿಗೋ ಕೆಲಸ ಹುಡುಕಿಕೊಂಡು ಚದುರಿ ಹೋದರು. ಸವೇತಾ ಅವರನ್ನು ಪಂಪ್ ಮನೆಗೆ ಹಾಕಿದರು. ಲಾಯೋಶ್ ಎಂಬ ಮುದುಕ ಫಿಟ್ಟರ್ ಅವರಿಗೆ ಕೆಲಸ ಕಲಿಸಿದ. ಬೈದೇ ಕಲಿಸಿದ, ಆದರೆ ಏನನ್ನೂ ಬಚ್ಚಿಟ್ಟುಕೊಳ್ಳಲಿಲ್ಲ.

ಅವನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದುದು ಗಾಳಿಯ ವಿಷಯ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಎಣ್ಣೆಯೊಳಗೆ ಗಾಳಿ ಉಳಿದರೆ ಪಿಸ್ಟನ್ ಅದನ್ನೇ ಹಿಂಡುತ್ತ ಕೂರುತ್ತದೆ, ಹಾಳೆ ಅಲುಗುವುದಿಲ್ಲ. ಮೋಟಾರು ತಿರುಗುತ್ತದೆ, ಸದ್ದು ಮೊದಲಿನಂತೆಯೇ ಇರುತ್ತದೆ, ಸುಣ್ಣ ಮಾತ್ರ ಒಂದು ತೊಟ್ಟೂ ಹೋಗುವುದಿಲ್ಲ. ಹೊರಗೆ ನಿಂತು ಕೇಳುವವರಿಗೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ.

ಹನ್ನೊಂದು ವರ್ಷದ ಹಿಂದೆ ಟ್ರಾಯನ್‌ನ ಮದುವೆಯ ದಿನ ಆದದ್ದು ಅದೇ. ಶನಿವಾರ ಬೆಳಿಗ್ಗೆ ಸರ್ವಿಸ್ ಇತ್ತು, ಎರಡು ಗಂಟೆಗೆ ಚರ್ಚಿನಲ್ಲಿ ಮದುವೆ. ಸವೇತಾ ಅವರ ಸಲಕರಣೆ ಪೆಟ್ಟಿಗೆಯ ಪಕ್ಕದಲ್ಲೇ ಹೊಸ ಲಂಗ ಮಡಿಸಿಟ್ಟಿತ್ತು. ಪಂಪು ಸದ್ದು ಮಾಡಿತು, ಅವರು ಬೀಗ ಹಾಕಿ ಹೊರಟರು. ರಾತ್ರಿ ಪಾಳಿಯವನಿಗೂ ಸದ್ದು ಸರಿಯಾಗಿಯೇ ಕೇಳಿಸಿತು. ಭಾನುವಾರ ಬೆಳಿಗ್ಗೆ ನೆಂಟರಿಗೆಲ್ಲ ಹುಳಿ ಸಾರು ಬಡಿಸುತ್ತಿದ್ದಾಗ ಯಾರೋ ಬಂದು ಹೊಳೆ ಕೆಂಪಾಗಿದೆ ಎಂದರು. ಟ್ರಾಯನ್ ಆ ವಾರವಷ್ಟೇ ಕೊಳಕ್ಕೆ ಬಿಟ್ಟಿದ್ದ ಮೂರು ಸಾವಿರ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಕಚೇರಿಯಿಂದ ವಿಚಾರಣೆಗೆ ಬಂದವರು ವಾಲ್ವ್ ಕೆಟ್ಟಿತ್ತೆಂದು ಬರೆದುಕೊಂಡು ಹೋದರು. ಟ್ರಾಯನ್ ಮಾತ್ರ ಗೇಟಿನ ತನಕ ಬಂದು ಒಂದೇ ಮಾತು ಕೇಳಿದ. "ನಿಮ್ ಕೈಯಿಂದ ಆಯ್ತಾ?" ಸವೇತಾ "ಇಲ್ಲಪ್ಪ, ಯಂತ್ರದ್ದು" ಎಂದರು. ಅವನು ತಲೆಯಾಡಿಸಿ ಹೋದ, ಮತ್ತೆ ಆ ಗೇಟಿಗೆ ಬರಲಿಲ್ಲ.

"ಕೆಲಸ ಹೋಗುತ್ತೆ ಅಂತ ಭಯ," ಎನ್ನುತ್ತಾರೆ ಅವರು, ಕೈ ಒರೆಸುತ್ತ. "ಆಮೇಲೆ ಭಯಾನೂ ಹೋಯ್ತು. ಹೇಳೋಕೆ ಬಾಯೇ ಬರ್ಲಿಲ್ಲ. ಒಂದ್ ವರ್ಷ ಕಳೆದ್ಮೇಲೆ ಹೇಗ್ ಹೇಳೋದು? ಐದು ವರ್ಷ ಆದ್ಮೇಲೆ?" ಅಂದಿನಿಂದ ಬ್ರಾಡೆಟ್ ಚರ್ಚಿಗೆ ಹೋಗಿಲ್ಲ, ಬೆಟ್ಟದಾಚೆಯ ಊರಿನ ಪೂಜೆಗೆ ಹೋಗುತ್ತಾರೆ. ಹೋದರೂ ಅಲ್ಲಿ ಅವರ ಗುರುತಿನವರಿಲ್ಲ. ಜೂನ್‌ನಲ್ಲಿ ನಿವೃತ್ತಿ. ಆಮೇಲೆ ನಗರದಿಂದ ಯಾರೋ ತಿಂಗಳಿಗೊಮ್ಮೆ ಬಂದು ನೋಡಿಕೊಳ್ಳುತ್ತಾರಂತೆ. ಇದು ಅವರ ಕೊನೆಯ ಸರ್ವಿಸ್.

ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾರೆ. ಮೋಟಾರಿನ ಫ್ಯಾನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ನಿಲ್ಲಿಸಿ, ಮೇಲಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ ಕಾಯುತ್ತಾರೆ. ಗುಳ್ಳೆಗಳು ಸಾಲಾಗಿ ಬರುತ್ತವೆ. ಮತ್ತೆ ಸುತ್ತು, ಮತ್ತೆ ಕಾಯುವುದು. ಒಂಬತ್ತೂ ಮುಕ್ಕಾಲಿಗೆ ಗುಳ್ಳೆ ನಿಂತಿತು. ಪಂಪು ತಳ್ಳುವ ಅಳತೆಯನ್ನು ಸೊನ್ನೆಗಿಟ್ಟು ಶುರು ಮಾಡಿ ಮೆಲ್ಲಗೆ ಏರಿಸಿದರೆ ಸದ್ದು ಚೆನ್ನಾಗಿಯೇ ಇದೆ. ಸವೇತಾ ಹೊರಗೆ ಹೋಗಿ ಸುಣ್ಣ ಬೀಳುವ ಕೊಳವೆಯ ಬಾಯಿ ನೋಡುತ್ತಾರೆ. ಬರುತ್ತಿದೆ, ಆದರೆ ಧಾರೆ ಸೊರಗಿದೆ.

ಆಗಲೇ ಫೋನ್ ರಿಂಗಾಗುತ್ತದೆ. ಕೈಯೆಲ್ಲ ಎಣ್ಣೆಯಾದ್ದರಿಂದ ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕುತ್ತಾರೆ. ಟ್ರಾಯನ್ ತಾನಾಗಿ ಫೋನ್ ಮಾಡಿದ್ದು ಇದೇ ಮೊದಲು.

"ಹತ್ತು ಗಂಟೆ ಆಯ್ತು. ಮೀನು ಮೇಲೆ ಬಂದು ಬಾಯಿ ಬಿಡ್ತಾ ಇದಾವೆ. ಬಿಡ್ಲಾ?"

"ಬೇಡ. ನಂಗಿನ್ನೂ ನಂಬಿಕೆ ಬಂದಿಲ್ಲ."

ಪಂಪು ನಿಲ್ಲಿಸಿ ಮತ್ತೆ ಸ್ಕ್ರೂ ಬಿಚ್ಚುತ್ತಾರೆ. ಏನೂ ಇಲ್ಲ. ಫ್ಯಾನನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ನೋಡುತ್ತ ನಿಲ್ಲುತ್ತಾರೆ. ಏಳು ನಿಮಿಷ. ಕಡಲೆಕಾಳಿನಷ್ಟು ದಪ್ಪದ ಒಂದು ಗುಳ್ಳೆ ಮೇಲೆ ಬಂದು ಒಡೆಯುತ್ತದೆ, ಅದರ ಹಿಂದೆಯೇ ಇನ್ನೊಂದು. ಮತ್ತೆ ಶುರು ಮಾಡಿದಾಗ ಕೊಳವೆಯ ಬಾಯಿಂದ ಸುಣ್ಣದ ನೀರು ಗುಕ್ಕು ಗುಕ್ಕಾಗಿ ಬೀಳುತ್ತದೆ. ಹತ್ತೂ ಇಪ್ಪತ್ತು. ತೊಟ್ಟಿ ತುಂಬಲು ಇನ್ನು ಹತ್ತೇ ನಿಮಿಷವಿತ್ತು. ಹೊಳೆಗೆ ಹುಳಿ ನೀರು ಹೋಗಲಿಲ್ಲ. ಸವೇತಾ ಸ್ಪೀಕರಿನಲ್ಲೇ ಮತ್ತೆ ಫೋನ್ ಮಾಡುತ್ತಾರೆ.

"ಬಿಡು ಟ್ರಾಯನ್."

"ಆಯ್ತು."

"ಇಡ್ಬೇಡ," ಎನ್ನುತ್ತಾರೆ ಸವೇತಾ. "ನಿನ್ ಮದುವೆ ದಿನ ಯಂತ್ರ ಕೆಟ್ಟಿರ್ಲಿಲ್ಲ ಕಣಪ್ಪ. ನಾನೇ ಅವಸರ ಮಾಡ್ದೆ. ಒಂದ್ ಸಲ ಹೊರಗೆ ಹೋಗಿ ಸುಣ್ಣ ಬರ್ತಿದ್ಯಾ ಅಂತಾನೂ ನೋಡ್ಲಿಲ್ಲ. ನೀನ್ ಕೇಳ್ದಾಗ ಸುಳ್ಳು ಹೇಳ್ದೆ."

ಆ ಕಡೆ ಕೊಳಕ್ಕೆ ನೀರು ಧುಮುಕುವ ಸದ್ದು ಕೇಳುತ್ತದೆ.

"ಗೊತ್ತು," ಎನ್ನುತ್ತಾನೆ ಟ್ರಾಯನ್. "ಜೂನ್ ಆದ್ಮೇಲೆ ನಂಗೆ ಯಾರು ಫೋನ್ ಮಾಡ್ತಾರೆ?"

"ನಗರದವರು ಮಾಡ್ತಾರಂತೆ." ಸವೇತಾ ಗೋಡೆಗೆ ಒರಗುತ್ತಾರೆ. "ನಾನೂ ಮಾಡ್ಲಾ? ಕೆಲಸ ಏನೂ ಇರಲ್ಲ. ಸುಮ್ನೆ."

"ಮಾಡಿ, ಧರ್ಮಮ್ಮ. ಏಳು ಗಂಟೆ ಮೇಲೆ ಮಾಡಿ, ಮೀನಿಗೆಲ್ಲ ತಿನ್ನೋಕೆ ಹಾಕಿ ಆಗಿರುತ್ತೆ."