ಎಪ್ಪತ್ತು ಕಿಲೋದ ಕೋಲು

ಕೋಲಿಗೆ ಕೊಟ್ಟದ್ದು ಹದಿನೆಂಟು ಸಾವಿರ ರೂಪಾಯಿ. ಮಾರಿದವರು ಮೊದಲು ಹೇಳಿದ್ದು ಇಪ್ಪತ್ತೈದು. ಅಪ್ಪ ಎರಡು ಟಗರು ಮಾರಿ ಕೈಗಿಟ್ಟ ಹಣ ಅದು. ಬಿದಿರ ಗಳ ಹಿಡಿದು ನಾನು ಎರಡು ಮೀಟರ್ ಇಪ್ಪತ್ತರ ಮೇಲೆ ಏರುತ್ತಿರಲಿಲ್ಲ. ಬೀದರಿನ ಆಯ್ಕೆಯಲ್ಲಿ ಎರಡು ಮೀಟರ್ ಅರವತ್ತು ದಾಟಿದವರಿಗೆ ಮಾತ್ರ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ. ಸಿಕ್ಕರೆ ಊಟ, ವಸತಿ, ತರಬೇತಿ ಎಲ್ಲ ಪುಕ್ಕಟೆ. ಸಿಗದಿದ್ದರೆ ಭಾಲ್ಕಿಯ ಕಾಲೇಜು ಮುಗಿಸಿ ಔರಾದ ತಾಲೂಕಿನ ನಮ್ಮ ಠಾಣಾ ಕುಶನೂರಿಗೆ ವಾಪಸ್, ಕೋಲು ಊರಿ ಜಿಗಿಯುವ ಪೋಲ್ ವಾಲ್ಟ್ ಅಲ್ಲಿಗೆ ಮುಗಿಯಿತು. ಅದಕ್ಕೇ ಫೈಬರ್ ಕೋಲು ಬೇಕಾಗಿತ್ತು.

ಮಾರಿದವರು ಬೀದರಿನಲ್ಲಿ ಹಿಂದೆ ಮಕ್ಕಳಿಗೆ ಜಿಗಿತ ಕಲಿಸುತ್ತಿದ್ದವರು. ಅವರ ಮನೆಯ ಗೋಡೆಗೆ ಎರಡು ಕೋಲು ಒರಗಿದ್ದವು. ಉದ್ದ ಒಂದೇ, ಬೆಲೆಯೂ ಒಂದೇ. ಒಂದರ ಮೇಲೆ ಐವತ್ತು ಕಿಲೋ ಎಂದು ಬರೆದಿತ್ತು, ಇನ್ನೊಂದರ ಮೇಲೆ ಎಪ್ಪತ್ತು. ಅಷ್ಟು ಭಾರ ತಾಳುತ್ತದೆ ಎಂದು ಅರ್ಥ ಮಾಡಿಕೊಂಡೆ. ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು ನಾನು. ಒಂದೇ ಬೆಲೆಗೆ ಎಪ್ಪತ್ತು ಕಿಲೋದ್ದು ಸಿಗುವಾಗ ಐವತ್ತರದ್ದನ್ನು ಯಾರು ಹೊಡೆದುಕೊಂಡು ಬರುತ್ತಾರೆ?

"ನಿನ್ನ ತೂಕ ಎಷ್ಟ್ ಅದವ್ವಾ?" ಎಂದು ಅವರು ಕೇಳಿದರು.

ಮಾರುವವರ ಪ್ರಶ್ನೆಗೆ ಉತ್ತರ ಕೊಟ್ಟರೆ ಬೆಲೆ ಏರುತ್ತದೆ ಎಂಬುದು ಸಂತೆಯಲ್ಲಿ ಕಲಿತದ್ದು. "ನನ್ನ ತೂಕ ತಗೊಂಡು ಏನ್ ಮಾಡ್ತೀರಿ? ಕಡೀ ರೇಟ್ ಹೇಳ್ರಿ," ಅಂದೆ. ಮತ್ತೊಮ್ಮೆ ಕೇಳಿದರು, ನಾನು ಮತ್ತೆರಡು ಸಾವಿರ ಇಳಿಸಿದೆ. ಬಹಳ ಜಾಣತನ ಮಾಡಿದೆನೆಂಬ ಹುಮ್ಮಸ್ಸಿನಲ್ಲಿ ಕೋಲನ್ನು ಜೀಪಿನ ಮೇಲೆ ಕಟ್ಟಿಸಿ ಭಾಲ್ಕಿಗೆ ತಂದೆ.

ಕಾಲೇಜಿನ ದೈಹಿಕ ಶಿಕ್ಷಣದ ಸರ್ ಅಂಕಿ ನೋಡಿ ಕನ್ನಡಕ ತೆಗೆದರು. "ನೀ ಎಷ್ಟ್ ಕಿಲೋ ಇದ್ದಿ?"

"ನಲವತ್ತೆಂಟ್ ರೀ ಸರ್."

"ಇದು ಎಪ್ಪತ್ತ್ ಕಿಲೋದವರು ಹಿಡಿಯೋ ಕೋಲು. ನಿನ್ನ ಕೈಯಾಗ ಬಗ್ಗಂಗಿಲ್ಲ, ಬಗ್ಗದಿದ್ರ ಮ್ಯಾಲ ಎತ್ತಂಗಿಲ್ಲ. ಆಯ್ಕಿಗಿ ಉಳದ ಮೂರ್ ವಾರದಾಗ ಇಪ್ಪತ್ತೆರಡ್ ಕಿಲೋ ಹ್ಯಾಂಗ ಏರಸ್ತಿ, ಅದರ ಲೆಕ್ಕಾ ಹೇಳು."

ಅವರು ಹೇಳಿದ್ದು ನಿಜವಾಯಿತು. ಓಡಿ ಹೋಗಿ ಕೋಲು ಊರಿದರೆ ಅದು ಬಗ್ಗುತ್ತಲೇ ಇರಲಿಲ್ಲ; ಎದೆಗೆ ಕೈಯಿಟ್ಟು ನೂಕಿದ ಹಾಗೆ ಬಂದ ದಾರಿಗೇ ಹಿಂದಕ್ಕೆ ಎಸೆಯುತ್ತಿತ್ತು. ಭಾನುವಾರ ಬುತ್ತಿ ಕೊಡಲು ಬಂದ ಅಪ್ಪ ಎರಡು ಬಾರಿ ನಾನು ಬೀಳುವುದನ್ನು ನೋಡಿ, "ಆ ಟಗರುಗೋಳರ ಇಷ್ಟ್ ಹಾಯ್ತಿದ್ದಿಲ್ಲವ್ವಾ," ಅಂದ. ಬೈದಿದ್ದರೆ ಚೆನ್ನಾಗಿತ್ತು.

ಬೀದರಿಗೆ ಓಡಿದೆ. ಐವತ್ತರ ಕೋಲು ಆಗಲೇ ಮಾರಾಟವಾಗಿತ್ತು. "ಎರಡ್ ಸಲ ಕೇಳಿದೆ, ನೀ ಹೇಳ್ಲಿಲ್ಲ," ಅಂದರು ಅವರು. "ಭಾತಂಬ್ರಾದ ಹುಡುಗಿ ಒಯ್ದಾಳ. ಆಕೀನೂ ನಿನ್ನಂಗೇ. ಅರವತ್ತೈದ್ ಕಿಲೋದ ಗಟ್ಟಿ ಆಳು, ಆದ್ರ ಹೊರಾಕ ಹಗುರ ಅದ ಅಂತ ಅದನ್ನೇ ಹಿಡದ್ಲು."

ಮರುದಿನ ಎಪ್ಪತ್ತರ ಕೋಲನ್ನು ಜೀಪಿಗೆ ಕಟ್ಟಿಸಿಕೊಂಡು ಭಾತಂಬ್ರಾಕ್ಕೆ ಹೋದೆ. ಹುಡುಗಿ ಅಂಗಳದಲ್ಲಿ ಸೋಯಾ ಚೀಲ ಒಬ್ಬಳೇ ಎತ್ತಿ ಇಡುತ್ತಿದ್ದಳು. ಪಕ್ಕದಲ್ಲಿ ಅವಳ ಅಜ್ಜಿ. ನಾನು ಅದಲು ಬದಲಿನ ಮಾತು ತೆಗೆದೊಡನೆ ಹುಡುಗಿ ಕೈ ಝಾಡಿಸಿಕೊಂಡಳು.

"ನೀನೂ ಅದೇ ಆಯ್ಕಿಗೆ ಬರಾಕಿ. ನಿನಗ ನಾ ಯಾಕ ಅನುಕೂಲ ಮಾಡ್ಲಿ?"

"ನಿನ್ನ ಕೋಲು ನಿನ್ನ ಭಾರಕ್ಕ ಹೆಚ್ಚಿಗಿ ಬಗ್ಗತದ ಹೌದಲ್ಲೋ? ಒಂದಿನ ಲಟಕ್ ಅಂತದ. ಮುರದ ಕೋಲಿಗಿ ಯಾರೂ ಸೌದಾ ಮಾಡಂಗಿಲ್ಲ."

ಅವಳು ಮೊಣಕೈ ಮೇಲಿನ ತರಚು ಗಾಯವನ್ನು ಓಢಣಿಯಲ್ಲಿ ಮುಚ್ಚಿಕೊಂಡಳು. "ನನ್ನದು ಹೊಸದಾಗಿ ಕಾಣ್ತದ. ಮ್ಯಾಲ ಏನ್ ಕೊಡ್ತಿ?"

"ಏನ್ ಬೇಕು?"

"ನನಗ ಓಟದ ಹೆಜ್ಜಿ ಕೂಡಂಗಿಲ್ಲ. ನೋಡಿ ಹೇಳಾಕ ಯಾರೂ ಇಲ್ಲ. ಆಯ್ಕಿ ದಿನ ನೀ ನಿಂತು ಹೇಳಬೇಕು."

ಅಜ್ಜಿ ನಕ್ಕಳು. "ವೈರಿ ಕಣ್ಣಿಲೆ ದಾರಿ ನೋಡ್ತೇನಿ ಅಂತಾಳ ನೋಡು. ಚಾ ಕುಡೀರಿ ಇಬ್ರೂ, ಹೊಡದಾಡೂದು ಆಮ್ಯಾಲ."

ಚೌಕಾಸಿ ಮಾಡದೆ ಒಪ್ಪಿದ ವ್ಯವಹಾರ ನನ್ನ ಜೀವನದಲ್ಲಿ ಅದೊಂದೇ. ಹಾಗೆ ನೋಡಿದರೆ ಎದುರಾಳಿಗೆ ಸರಿಯಾದ ಕೋಲು ಕೊಟ್ಟು, ಹೆಜ್ಜೆಯನ್ನೂ ತಿದ್ದುವುದು ಪೆದ್ದುತನ. ಆದರೆ ಎರಡು ಮೀಟರ್ ಅರವತ್ತು ದಾಟಿದವರಿಗೆಲ್ಲ ಹಾಸ್ಟೆಲಿನ ಬಾಗಿಲು ತೆರೆದಿತ್ತು. ಅವಳು ಸೋತರೆ ನನಗೇನೂ ಹೆಚ್ಚು ಸಿಗುತ್ತಿರಲಿಲ್ಲ.

ಆಯ್ಕೆಯ ದಿನ ಓಟದ ಪಟ್ಟಿಯ ಪಕ್ಕ ನಿಂತು ಅವಳಿಗೆ ಹೇಳಿದೆ: ಒಂದು ಹೆಜ್ಜೆ ಮುಂದೆ ಬಾ. ಮೊದಲ ಯತ್ನದಲ್ಲೇ ಅರವತ್ತು ದಾಟಿದಳು. ನನಗೆ ಎರಡು ಯತ್ನ ತಪ್ಪಿದವು. ಮೂರನೆಯದಕ್ಕೆ ಕೋಲು ಎತ್ತಿದಾಗ, ಕರಾರಿನಲ್ಲಿಲ್ಲದಿದ್ದರೂ ಅವಳು ಅತ್ತ ಕಡೆಯಿಂದ ಕೂಗಿದಳು: "ಅರ್ಧ ಹೆಜ್ಜಿ ಹಿಂದ ಸರೀ." ಸರಿದೆ. ಓಡಿದೆ. ಕೋಲು ಆ ದಿನ ಮೊದಲ ಬಾರಿಗೆ ನನ್ನ ಭಾರಕ್ಕೆ ಸರಿಯಾಗಿ ಬಾಗಿತು, ಮೇಲೆತ್ತಿತು. ಮೆತ್ತೆಯ ಮೇಲೆ ಅಂಗಾತ ಬಿದ್ದು ನೋಡಿದರೆ ಅಡ್ಡಪಟ್ಟಿ ನಡುಗುತ್ತ ಅಲ್ಲೇ ಇತ್ತು.

ಮೊದಲ ಸ್ಥಾನ ಅವಳದು. ನನಗೆ ನಾಲ್ಕನೆಯದು, ಜೊತೆಗೆ ಹಾಸ್ಟೆಲಿನ ಜಾಗ. ಆ ಜಾಗದಿಂದ ಮೂರು ಮೀಟರ್ ಇಪ್ಪತ್ತರವರೆಗೆ ಏರಿದೆ, ಈಗ ಬೀದರಿನಲ್ಲೇ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಇಷ್ಟು ಸಾಕು ಅನಿಸುತ್ತದೆ.

ನಿಮ್ಮ ಮಗಳು ಕೋಲು ಹಿಡಿಯುತ್ತೇನೆ ಅಂದರೆ ಬೇಡ ಅನ್ನಬೇಡಿ. ಮೊದಲು ಅಡತಿ ಅಂಗಡಿಯ ತೂಕದ ಕಾಟಾದ ಮೇಲೆ ಅವಳನ್ನು ನಿಲ್ಲಿಸಿ, ಅವಳ ತೂಕಕ್ಕಿಂತ ಸ್ವಲ್ಪವೇ ಹೆಚ್ಚಿನ ಅಂಕಿಯ ಕೋಲು ಕೇಳಿ. ಹಳೆಯದಾದರೆ ಬಿಸಿಲಿಗೆ ಹಿಡಿದು ಗೀರು ಹುಡುಕಿ. ಉಗುರು ಸಿಕ್ಕಿಕೊಂಡರೆ ಅರ್ಧ ಬೆಲೆಗೂ ಬೇಡ. ಎಲ್ಲ ಕೋಲು ಒಬ್ಬರೇ ಕೊಳ್ಳಲಾಗದು, ಆದ್ದರಿಂದ ಸ್ಪರ್ಧೆಗೆ ಹೋದಲ್ಲೆಲ್ಲ ಅವಳಷ್ಟೇ ತೂಕದ ಹುಡುಗಿ ಯಾರೆಂದು ನೋಡಿಟ್ಟುಕೊಳ್ಳಿ. ಆ ಹುಡುಗಿಯ ಕೋಲು ಕೇಳುವುದಿದ್ದರೆ ಬೆಳಿಗ್ಗೆಯೇ ಕೇಳಿ, ಮೈ ಕಾಯಿಸುವ ಮೊದಲು. ಅಡ್ಡಪಟ್ಟಿ ಏರಿದ ಮೇಲೆ ಯಾರ ಮನಸ್ಸೂ ಕೊಡುವ ಹಾಗಿರುವುದಿಲ್ಲ.