ಆವಿ ಎಳೆಯುವ ಮೋಟರು, ನಲವತ್ತೊಂದು ಸಹಿ

2019ರ ಬೇಸಿಗೆಯಲ್ಲಿ ನಾನು ಬೀದರ–ಭಾಲ್ಕಿ ರಸ್ತೆಯ ಒಂದು ಪೆಟ್ರೋಲ್ ಪಂಪಿನ ಡೀಲರ್ ಆಗಿದ್ದೆ. ಡೀಲರ್ ಎಂಬ ಶಬ್ದ ನನಗೆ ಆಗಲೂ ಅಳತೆ ಮೀರಿದ ಚಪ್ಪಲಿಯ ಹಾಗೆ ಅನಿಸುತ್ತಿತ್ತು. ಅದಕ್ಕೂ ಮೊದಲಿನ ಹದಿನೆಂಟು ವರ್ಷ ನಾನು ಮೈಲೂರಿನ ನಮ್ಮ ಮನೆಯ ಗೃಹಿಣಿ. ಕಾನ್ವೆಂಟಿನಲ್ಲಿ ಕಲಿತದ್ದರಲ್ಲಿ ಕೈಯಲ್ಲಿ ಉಳಿದದ್ದು ದುಂಡನೆಯ ಅಕ್ಷರ, ಮತ್ತು ಬರೆದದ್ದರ ಕೆಳಗೆ ಹೆಸರು ಹಾಕುವ ಮುನ್ನ ಇನ್ನೊಮ್ಮೆ ಓದುವ ರೂಢಿ, ಇವೆರಡೇ.

ಮಹಿಳೆಯರಿಗೆ ಮೀಸಲಾದ ಕೋಟಾದಲ್ಲಿ ಪಂಪು ನನ್ನ ಹೆಸರಿಗೆ ಬಂದಿತ್ತು. ಅರ್ಜಿ ತುಂಬಿದವನು, ಜಾಗ ಹುಡುಕಿದವನು, ಕಂಪನಿಯ ಕಚೇರಿಗೆ ಅಲೆದವನು ನನ್ನ ಮೈದುನ ಪ್ರಕಾಶ. ಅತ್ತೆ ತೀರಿಕೊಂಡಾಗ ಅವನಿಗೆ ಹನ್ನೆರಡು ವರ್ಷ. ನಾನೇ ಊಟಕ್ಕೆ ಬಡಿಸಿ, ಇಂಗ್ಲಿಷ್ ಹೇಳಿಕೊಟ್ಟು, ಪುಸ್ತಕಗಳಿಗೆ ರಟ್ಟು ಹಾಕಿಕೊಟ್ಟು ಬೆಳೆಸಿದೆ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ಕರೆಯುವ ಹಾಗೆ ಅವನು ನನ್ನನ್ನು ವೈನಿ ಎನ್ನುತ್ತಿದ್ದ. ಆ ಕರೆ ಅವನ ಬಾಯಲ್ಲಿ ಅವ್ವಾ ಎಂದ ಹಾಗೆಯೇ ಕೇಳುತ್ತಿತ್ತು. ನನ್ನ ಗಂಡ ಔರಾದದ ಕಾಲೇಜಿನಲ್ಲಿ ಉಪನ್ಯಾಸಕರು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಗೇ ಮನೆ. ಹೀಗಾಗಿ ಪಂಪನ್ನು ನಡೆಸುವವನು ಪ್ರಕಾಶ. ದಿನಾ ಬೆಳಿಗ್ಗೆ ತಪಾಸಣೆಯ ರಜಿಸ್ಟರು ತುಂಬಿ ಸಹಿ ಮಾಡುವವಳು ನಾನು.

ಅದು ಬರದ ವರ್ಷ. ಡೀಸೆಲ್ ಸಾಲಿನಲ್ಲಿ ನೀರಿನ ಟ್ಯಾಂಕರುಗಳು ನಿಂತಿರುತ್ತಿದ್ದವು. ಹೈದರಾಬಾದಿಗೆ, ಪುಣೆಗೆ ಗುಳೆ ಹೊರಟವರ ಕ್ರೂಸರ್ ಜೀಪುಗಳ ನೆತ್ತಿಯ ಮೇಲೆ ಚಾದರದಲ್ಲಿ ಕಟ್ಟಿದ ಪಾತ್ರೆಗಳು, ಮಡಚಿದ ಮಂಚ, ಒಮ್ಮೆ ಒಂದು ಹೊಲಿಗೆ ಯಂತ್ರವೂ ಕಂಡಿತ್ತು. ನಮ್ಮ ಪಂಪಿನ ಗಂಡಾಳುಗಳೂ ಹಾಗೆಯೇ ಒಬ್ಬೊಬ್ಬರಾಗಿ ಹೊರಟುಹೋದರು. ಆಗ ನಾವು ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡೆವು. ಅವರಲ್ಲಿ ಭಾಲ್ಕಿ ತಾಲೂಕಿನ ಸಾಯಗಾಂವದ ಸುನೀತಾ ಒಬ್ಬಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಸೀರೆಯ ಮೇಲೆ ಕಂಪನಿಯ ಅಂಗಿ ತೊಟ್ಟು, ಪೆಟ್ರೋಲ್ ಹಾಕಿದ ಮೇಲೆ ಗಾಡಿಯ ಟ್ಯಾಂಕಿನ ಮೇಲೆ ಬಿದ್ದ ಹನಿಯನ್ನು ತನ್ನದೇ ಬಟ್ಟೆಯ ತುಂಡಿನಿಂದ ಒರೆಸಿ ಕಳಿಸುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಅವಳ ಗಂಡ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ.

ಇನ್ನು ಉಪಕರಣದ ಮಾತು. ಗಾಡಿಗೆ ಪೆಟ್ರೋಲ್ ತುಂಬುವಾಗ ಟ್ಯಾಂಕಿನಲ್ಲಿ ಮೊದಲೇ ತುಂಬಿದ್ದ ಆವಿ ಹೊರಗೆ ಬರುತ್ತದೆ. ಅದರಲ್ಲಿ ಬೆಂಜೀನ್ ಎಂಬ ವಿಷವಿರುತ್ತದೆ. ತುಂಬಿಸಿಕೊಂಡು ಹೋಗುವವನಿಗೆ ಅದು ಎರಡು ನಿಮಿಷದ ವಾಸನೆ. ಪೆಟ್ರೋಲ್ ಸುರಿಯುವ ನಾಝಲ್ ಹಿಡಿದು ನಿಂತವರಿಗೆ ದಿನವಿಡೀ ಉಸಿರು. ಇದನ್ನು ತಡೆಯಲು ಬಂದದ್ದೇ ವೇಪರ್ ರಿಕವರಿ. ನಾಝಲ್ಲಿನ ಕೊಳವೆಯೊಳಗೆ ಇನ್ನೊಂದು ಕೊಳವೆ ಇರುತ್ತದೆ. ಒಂದರಲ್ಲಿ ಪೆಟ್ರೋಲ್ ಗಾಡಿಗೆ ಹೋದರೆ, ಇನ್ನೊಂದರಲ್ಲಿ ಸಣ್ಣ ವ್ಯಾಕ್ಯೂಮ್ ಮೋಟರು ಆವಿಯನ್ನು ಎಳೆದು ನೆಲದಡಿಯ ಟ್ಯಾಂಕಿಗೆ ಒಯ್ಯುತ್ತದೆ. ಒಂದು ಲೀಟರ್ ಪೆಟ್ರೋಲ್ ಹೋದರೆ ಹೆಚ್ಚುಕಡಿಮೆ ಒಂದು ಲೀಟರ್ ಆವಿ ಮರಳಬೇಕು. ನಮ್ಮದು ಹೊಸ ಪಂಪಾದ್ದರಿಂದ ಕಂಪನಿಯೇ ಇದನ್ನು ಹಾಕಿಕೊಟ್ಟಿತ್ತು. ಮೋಟರು ಚಾಲೂ ಇದೆಯೆಂದು ಡೀಲರ್ ದಿನಾ ರಜಿಸ್ಟರಿನಲ್ಲಿ ಸಹಿ ಹಾಕಬೇಕು. ಇಲ್ಲದಿದ್ದರೆ ಪೆಟ್ರೋಲ್ ಮಾರುವಂತಿಲ್ಲ. ನಿಯಮ ಅಷ್ಟೇ.

ಮೋಟರು ಕೂಡಿಸಿದ ದಿನ ಕಂಪನಿಯ ಎಂಜಿನಿಯರ್ ನನಗೊಂದು ಸಂಗತಿ ತೋರಿಸಿದರು. ಬೆಳಗಿನ ಬಿಸಿಲು ಛಾವಣಿಯ ಕೆಳಗೆ ಓರೆಯಾಗಿ ಬೀಳುವಾಗ, ಮೋಟರು ಬಂದ್ ಮಾಡಿ ಒಂದು ಬೈಕಿಗೆ ಪೆಟ್ರೋಲ್ ಹಾಕಿಸಿದರು. ಬೈಕಿನ ನೆರಳಿನ ಪಕ್ಕದಲ್ಲಿ, ಸಿಮೆಂಟಿನ ಮೇಲೆ, ಒಲೆಯ ಮೇಲಿನ ಗಾಳಿಯಂತೆ ಏನೋ ತೇಲಾಡಿತು. "ಅದೇ ನೋಡ್ರಿ ಮೇಡಂ, ಆವಿಯ ನೆರಳು" ಎಂದರು. ಮೋಟರು ಹಾಕಿದ ಮೇಲೆ ನೆಲ ಸ್ವಚ್ಛವಾಯಿತು. ನನಗೆ ಬಹಳ ಸಂತೋಷವಾಗಿತ್ತು.

ಜನರಿಗೆ ಆಗಲಿಲ್ಲ. ದಪ್ಪನೆಯ ಕೊಳವೆ, ಅದರ ತುದಿಯ ರಬ್ಬರು, ತುಂಬುವಾಗ ಬರುವ ಸಣ್ಣ ಗುಂಯ್ ಸದ್ದು ಇವನ್ನೆಲ್ಲ ನೋಡಿ, ಹಾಕಿದ ಪೆಟ್ರೋಲನ್ನು ಮಷೀನು ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂಬ ಸುದ್ದಿ ಹಬ್ಬಿತು. ಒಂದು ದಿನ ಬುಲೆಟ್ಟಿನ ಮೇಲೆ ಬಂದ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಅಂದರು: "ಬಾಯೋರ, ನಿಮ್ಮ ಮಷೀನ್ ಸೊಂಡಿಲು ಹಾಕಿ ಕುಡೀತದಲ್ರಿ. ಬರಗಾಲದಾಗ ನೀರ ಸಿಗವಲ್ದು ಅಂತ ಪೆಟ್ರೋಲ್ ಕುಡ್ಯಾಕ ಹಚ್ಚೀರೇನು?"

"ಅದು ಬರೀ ವಾಸನಿ ಎಳೀತದ್ರಿ ಕಾಕಾ" ಎಂದೆ.

"ವಾಸನಿಗೆ ಯಾರ ಮೋಟರ್ ಇಡ್ತಾರ್ರಿ? ನಮ್ಮ ಮನ್ಯಾಗ ಒಗ್ಗರಣಿ ಹಾಕಿದ್ರ ಕಿಡಕಿ ತೆಗೀತೇವಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಾರ್ಚ್ ಮುಗಿಯುವುದರೊಳಗೆ ಬೈಕಿನವರು ಮುಂದಿನ ಪಂಪಿಗೆ ಹೋಗತೊಡಗಿದರು. ಪ್ರಕಾಶನೇ ಒಂದು ಉಪಾಯ ಹೇಳಿದ: "ವೈನಿ, ನೀವೇ ನಿಂತು ಐದು ಲೀಟರಿನ ಮಾಪು ತುಂಬಿ ತೋರಸ್ರಿ. ಮಂದಿ ನಿಮ್ಮ ಮಾರಿ ನೋಡಿ ನಂಬ್ತಾರ." ನಾನು ವಾರವಿಡೀ ಬಿಸಿಲಿನಲ್ಲಿ ನಿಂತು, ಸರಕಾರಿ ಮೊಹರಿನ ಮಾಪಿಗೆ ಪೆಟ್ರೋಲ್ ತುಂಬಿಸಿ, ಗೆರೆ ತೋರಿಸಿದೆ. ಯುಗಾದಿಯ ಹೊತ್ತಿಗೆ ಜನ ಮರಳಿ ಬಂದರು. ಗುಂಯ್ ಎನ್ನುವ ದೂರೂ ನಿಂತಿತು. ನನ್ನ ಮಾತಿಗೆ ಬೆಲೆ ಬಂತೆಂದು ಹಿಗ್ಗಿ ಆ ದಿನ ಮನೆಯಲ್ಲಿ ಹೋಳಿಗೆಯನ್ನು ಎರಡು ಹೆಚ್ಚು ಮಾಡಿದೆ. ಪ್ರಕಾಶ ಎರಡನ್ನೂ ತಿಂದ.

ಏಪ್ರಿಲ್ ಕೊನೆಯಲ್ಲಿ ಸುನೀತಾ ಆಫೀಸಿನ ಬಾಗಿಲಿಗೆ ಬಂದು ನಿಂತಳು. ತಾನು ಮೂರು ತಿಂಗಳ ಗರ್ಭಿಣಿ ಎಂದಳು. ಈ ಮೊದಲು ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವಂತೆ. "ಈ ವಾಸನಿ ಕೂಸಿಗೆ ತ್ರಾಸು ಕೊಡ್ತದೇನ್ರಿ ಅಕ್ಕೋರೆ? ನಮ್ಮ ಅತ್ತಿ ಹೈದರಾಬಾದಿಗೆ ಬಾ ಅನ್ನಾಕತ್ತಾರ. ಅಲ್ಲಿ ತಗಡಿನ ಶೆಡ್ಡಿನಾಗ ಇರಬೇಕು. ನನಗ ಇಲ್ಲೇ ಛಲೋ ಅನಸ್ತದ. ನೀವು ಹ್ಯಾಂಗ ಹೇಳ್ತೀರಿ ಹಂಗ."

ನಾನು ಪ್ರಕಾಶನನ್ನು ಕೇಳಿದೆ, ಅವಳನ್ನು ಒಳಗಿನ ಕೆಲಸಕ್ಕೆ ಹಾಕೋಣವೇ ಎಂದು. "ನಾಝಲ್‌ಗೆ ಮಂದಿ ಎಲ್ಲಿದ್ದಾರ ವೈನಿ?" ಎಂದ. ಆಮೇಲೆ ಮೊಬೈಲಿನಿಂದ ತಲೆ ಎತ್ತದೆ, "ಮೋಟರ್ ಅದ ಅಲ್ಲ? ಮತ್ತ್ಯಾಕ ಇಟ್ಟದ್ದು ಅದನ್ನ?" ಎಂದ.

ನಾನು ಸುನೀತಾಳಿಗೆ ಅದನ್ನೇ ಹೇಳಿದೆ. ಮೋಟರು ಆವಿಯನ್ನು ಎಳೆದುಕೊಳ್ಳುತ್ತದೆ, ನಾನು ದಿನಾ ನೋಡಿ ಸಹಿ ಮಾಡುತ್ತೇನೆ, ಹೆದರಬೇಡ ಎಂದೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ನೋಡುತ್ತಿದ್ದದ್ದು ನಾಝಲ್ಲಿನ ರಬ್ಬರು ಹರಿದಿಲ್ಲವೇ, ಕೊಳವೆ ಸೋರುತ್ತಿಲ್ಲವೇ ಎಂಬುದನ್ನು. ಮೋಟರಿನ ಸಾಲಿಗೆ ಬಂದಾಗ "ಚಾಲೂ ಅದಲ್ಲ?" ಎಂದು ಪ್ರಕಾಶನನ್ನು ಕೇಳಿ, "ಹೂಂ ವೈನಿ" ಎಂದಾಗ ಗುರುತು ಹಾಕುತ್ತಿದ್ದೆ. ಮಗನಂತಹವನ ಮಾತನ್ನು ಯಾರು ಪರೀಕ್ಷಿಸುತ್ತಾರೆ?

ಮೇ ಹದಿನಾಲ್ಕರ ಬೆಳಿಗ್ಗೆ ರಜಿಸ್ಟರು ಮುಗಿಸಿ ಹೊರಗೆ ಬಂದೆ. ಬಿಸಿಲು ಓರೆಯಾಗಿತ್ತು. ಸುನೀತಾ ಒಂದು ಸ್ಕೂಟಿಗೆ ಪೆಟ್ರೋಲ್ ಹಾಕುತ್ತಿದ್ದಳು. ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದಳು. ಅವಳ ಕಾಲ ಬಳಿ ಸಿಮೆಂಟಿನ ಮೇಲೆ ನೆರಳೊಂದು ತೇಲಾಡುತ್ತಿತ್ತು. ನಾನು ಪೆಟ್ರೋಲ್ ಹಾಕುವ ಮಷೀನಿನ ತಗಡಿನ ಮೇಲೆ ಅಂಗೈ ಇಟ್ಟು, ಪಕ್ಕಕ್ಕೆ ಕಿವಿಯನ್ನೂ ಕೊಟ್ಟೆ. ಗುಂಯ್ ಸದ್ದಿನ ಸುಳಿವೇ ಇಲ್ಲ.

"ತಲಿ ನೋಸ್ತದೇನು?" ಎಂದು ಕೇಳಿದೆ.

"ಎಂಟು ದಿನ ಆತ್ರಿ" ಎಂದಳು. "ಬಿಸಿಲಿಗೆ ಅಂತ ಸುಮ್ಮ ಇದ್ದೆ."

ಅವಳನ್ನು ಅಲ್ಲಿಂದ ಕರೆದು ಆಫೀಸಿನಲ್ಲಿ ಕೂರಿಸಿದೆ. ಹಿಂದಿನ ಎಲೆಕ್ಟ್ರಿಕಲ್ ರೂಮಿಗೆ ಹೋಗಿ ಬೋರ್ಡು ನೋಡಿದೆ. ಆವಿ ಮೋಟರಿನ ಸ್ವಿಚ್ಚು ಕೆಳಗಿತ್ತು, ಅಂದರೆ ಬಂದ್. ಯಾರೂ ತಪ್ಪಿ ಮೇಲೆ ಮಾಡದಂತೆ ಅದರ ಮೇಲೆ ಕಪ್ಪು ಟೇಪು. ಟೇಪಿನ ಒಂದು ತುದಿಯನ್ನು, ಬೇಕಾದಾಗ ಉಗುರಿಗೆ ಸಿಗಲೆಂದು, ಸಣ್ಣಗೆ ಒಳಮಡಚಲಾಗಿತ್ತು. ಪುಸ್ತಕಕ್ಕೆ ರಟ್ಟು ಹಾಕುವಾಗ ಟೇಪಿನ ತುದಿಯನ್ನು ಹಾಗೆ ಮಡಚಬೇಕೆಂದು ನಾನೇ ಪ್ರಕಾಶನಿಗೆ ಕಲಿಸಿದ್ದೆ. ಇಡೀ ಪಂಪಿನಲ್ಲಿ ಹಾಗೆ ಮಡಚುವವರು ನಾವಿಬ್ಬರೇ.

ಪ್ರಕಾಶ ಬಂದಾಗ ಟೇಪನ್ನು ಮೇಜಿನ ಮೇಲೆ ಇಟ್ಟೆ. ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತೇನೋ.

"ಯಾವಾಗಿಂದ?"

"ಯುಗಾದಿಗೆ ಎರಡ ದಿನಾ ಮುಂಚಿಂದ. ಆವಾಜ್ ಬಂದ್ ಆದ ಮ್ಯಾಲೆ ಮಂದಿ ಬಂದ್ರು. ಮಾಪು ನೋಡಿ ಬಂದ್ರು ಅನ್ಕೊಂಡ್ರೇನು ನೀವು?"

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಸಹಿ ಮಾಡ್ತಿದ್ದಿಲ್ಲ ವೈನಿ." ತುಂಬ ಸಾವಧಾನವಾಗಿ, ನನಗೆ ಗಣಿತ ಬಿಡಿಸಿ ಹೇಳುವವನಂತೆ ಹೇಳಿದ. "ನಿಮಗ ಸುಳ್ಳು ಹೇಳ್ಲಿಕ್ಕೆ ಬರಂಗಿಲ್ಲ. ಬ್ಯಾರೆಯವರ ಸಹಿ ಇದ್ರ ಕಂಪನಿಯವರು ಹತ್ತು ಸಲ ತಿರುವಿ ನೋಡ್ತಾರ. ನಿಮ್ಮದು ಅಂದ್ರ ನೋಡಂಗಿಲ್ಲ."

ಅಂದರೆ ನನ್ನ ನಿಯತ್ತು ಅವನಿಗೆ ಗೊತ್ತಿತ್ತು. ಅದನ್ನೇ ಅವನು ಉಪಯೋಗಿಸಿಕೊಂಡ. ಸುನೀತಾ ಬಂದು ಕೇಳಿದ ದಿನವೂ ಅವನಿಗೆ ಮೋಟರು ಬಂದ್ ಇದ್ದದ್ದು ಗೊತ್ತಿತ್ತು. ಏಪ್ರಿಲ್ ನಾಲ್ಕರಿಂದ ಅಂದಿನವರೆಗೆ ರಜಿಸ್ಟರಿನ ಹಾಳೆ ತಿರುವಿದೆ. ನಲವತ್ತೊಂದು ಸಹಿ, ಎಲ್ಲವೂ ದುಂಡಗೆ, ಗೆರೆ ಬಿಡದೆ.

ಸುನೀತಾಳನ್ನು ಭಾಲ್ಕಿಯ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಆಟೋದಲ್ಲಿ ಎಲ್ಲವನ್ನೂ ಹೇಳಿದೆ.

"ಜೋಡಿ ಕೆಲಸದವರೆಲ್ಲಾ ಹೇಳಿದ್ರು ಅಕ್ಕೋರೆ" ಎಂದಳು. "ಮೋಟರ್ ಬಂದ್ ಅದ ಅಂತ ನಾಝಲ್ ಮ್ಯಾಲಿನವರಿಗೆಲ್ಲಾ ಗೊತ್ತಿತ್ತು. ನಾನೇ ಅವರ ಜೋಡಿ ಜಗಳಾಡಿದೆ. ಅಕ್ಕೋರು ದಿನಾ ಸಹಿ ಮಾಡ್ತಾರ, ಬಂದ್ ಇದ್ದರ ಹ್ಯಾಂಗ ಮಾಡ್ತಾರ ಅಂದೆ."

ಡಾಕ್ಟರರ ಬಾಗಿಲಲ್ಲಿ ಆಟೋ ನಿಂತಾಗ ನಾನೇ ಮೊದಲು ಇಳಿದು ಬಾಡಿಗೆ ಕೊಟ್ಟೆ.

ಮಗುವಿನ ಎದೆಬಡಿತ ಸರಿಯಾಗಿದೆ, ತಲೆನೋವು ಪೆಟ್ರೋಲಿನದೇ ಎಂದು ಖಚಿತವಾಗಿ ಹೇಳಲಾಗದು, ಆದರೆ ಇನ್ನು ಒಂದು ದಿನವೂ ಅಲ್ಲಿ ನಿಲ್ಲಬಾರದು ಎಂದರು ಡಾಕ್ಟರು. ಒಳಗಿನ ಕೆಲಸ ಕೊಡುತ್ತೇನೆ ಎಂದೆ. "ಬ್ಯಾಡ್ರಿ" ಎಂದಳು, ಸಿಟ್ಟಿಲ್ಲದೆ. ಮೂರನೆಯ ದಿನ ಭಾಲ್ಕಿ ಸ್ಟೇಷನ್ನಿನಿಂದ ಹೈದರಾಬಾದಿನ ಕಡೆಯ ರೈಲು ಹತ್ತಿದಳು. ಕಂಪನಿಯ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ಗುಂಡಿ ಹಾಕಿ ಇನ್ನೊಬ್ಬಳ ಕೈಯಲ್ಲಿ ಕಳಿಸಿದ್ದಳು.

ಅದೇ ವಾರ ನಾನು ಕಂಪನಿಗೆ ಪತ್ರ ಬರೆದೆ. ಇಂತಿಂಥ ದಿನಗಳ ನಮೂದು ಸುಳ್ಳು, ಸಹಿ ನನ್ನದೇ, ಮೋಟರನ್ನು ನಾನು ನೋಡಿರಲಿಲ್ಲ. ಎಂಜಿನಿಯರ್ ಬಂದು ಮರುಪರೀಕ್ಷೆ ಮಾಡುವವರೆಗೆ ಪೆಟ್ರೋಲ್ ಮಾರಾಟ ನಿಂತಿತು. ನೋಟೀಸು ನನ್ನ ಹೆಸರಿಗೇ ಬಂತು. ಗಂಡ ಅದನ್ನು ಓದಿ ಮಡಚಿಟ್ಟು, "ನೀನೇ ಬೆಳೆಸಿದ ಹುಡುಗ. ಮನ್ಯಾಗಿನ ಮಾತು ಮನ್ಯಾಗ ಮುಗಸಬಹುದಿತ್ತಲ್ಲ" ಎಂದರು.

"ಸಹಿ ಮನ್ಯಾಗ ಮಾಡಿದ್ದಿಲ್ರಿ" ಎಂದೆ. ಮದುವೆಯಾದ ಮೇಲೆ ಅವರಿಗೆ ನಾನು ಹಾಗೆ ಎದುರಾಡಿದ್ದು ಅದೇ ಮೊದಲು.

ಪ್ರಕಾಶ ಭಾಲ್ಕಿಯಲ್ಲಿ ಬಾಡಿಗೆ ಮನೆ ಮಾಡಿದ. ಹಬ್ಬಕ್ಕೆ ಬರುತ್ತಾನೆ, ವೈನಿ ಎನ್ನುತ್ತಾನೆ, ನಾನು ಬಡಿಸುತ್ತೇನೆ. ಆ ಕರೆಗೆ ಓಗೊಡುವ ಮುನ್ನ ನನಗೆ ಈಗ ಒಂದು ಕ್ಷಣ ಹಿಡಿಯುತ್ತದೆ. ಸುನೀತಾಳ ನಂಬರಿಗೆ ಎಷ್ಟೋ ಸಲ ಫೋನು ಮಾಡಿದೆ. ಮೊದಲು ರಿಂಗಾಗುತ್ತಿತ್ತು, ಆಮೇಲೆ ಅದೂ ಇಲ್ಲ. ಹೆರಿಗೆ ಏನಾಯಿತೆಂದು ನನಗೆ ತಿಳಿಯದು.

ಪಂಪನ್ನು ನಾನು ಇನ್ನೂ ನಾಲ್ಕು ವರ್ಷ ನಡೆಸಿದೆ. ಆ ಪ್ರಕರಣದ ನಂತರ ರಜಿಸ್ಟರಿನಲ್ಲಿ ಒಂದು ಬದಲಾವಣೆ ಮಾಡಿದೆ. ಮೋಟರಿನ ಸಾಲಿನಲ್ಲಿ ಮೊದಲ ಸಹಿ ನಾಝಲ್ ಹಿಡಿಯುವವರದು, ಅದರ ಕೆಳಗೆ ನನ್ನದು. ಕಂಪನಿಯ ನಿಯಮದಲ್ಲಿ ಹಾಗಿರಲಿಲ್ಲ. ಆ ಗಾಳಿಯನ್ನು ಉಸಿರಾಡುವವರು ಬೇರೆ, ಸಹಿ ಹಾಕುವವರು ಬೇರೆ ಆದಲ್ಲಿ ಎಂಥ ಒಳ್ಳೆಯ ನಿಯಮವೂ ಕಾಗದವೇ ಎಂದು ಆ ಕೆಲಸ ನನಗೆ ಕಲಿಸಿತ್ತು.

ಹೊಸ ಪದ್ಧತಿ ಬಂದು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಎರಡನೆಯ ನಂಬರಿನ ನಾಝಲ್ ಹಿಡಿಯುವ ಹೆಣ್ಣುಮಗಳು ಪೆನ್ನನ್ನು ನನಗೇ ತಿರುಗಿ ಕೊಟ್ಟಳು. "ಇವತ್ತ ನಾ ಮಾಡಂಗಿಲ್ರಿ ಅಕ್ಕೋರೆ. ಮೋಟರ್ ಆವಾಜ್ ಮಾಡವಲ್ದು."

ಹೊರಗೆ ಬೈಕುಗಳ ಸಾಲು ಹಾರ್ನು ಹೊಡೆಯುತ್ತಿತ್ತು. ನಾನು ಪೆನ್ನಿನ ಟೋಪಿ ಹಾಕಿ, ಗಾಡಿ ಬಾರದಂತೆ ಎರಡನೆಯ ನಂಬರಿಗೆ ಅಡ್ಡ ಹಗ್ಗ ಕಟ್ಟಿಸಿದೆ.